ಹದಿನೈದು ದಿನಕ್ಕೆಂದು ಒಯ್ದ ಚಿತ್ರಗಳು

ನಾಲ್ಕನೆಯ ದಿನ ಬೆಳಿಗ್ಗೆ ಹುಸೇನ್ ಸಾಬರ ಮನೆಯಲ್ಲಿ ಒಲೆ ಹೊತ್ತಿತು. ಮೂರು ದಿನ ಬೀದಿಯವರೇ ಸರದಿಯಂತೆ ಊಟ ತಂದು ಕೊಟ್ಟಿದ್ದರು. ಮೂರನೆಯ ದಿನದ ಜಿಯಾರತ್ ಮುಗಿಸಿ, ಗೋರಿಗೆ ಹೂವು ಏರಿಸಿ ಬಂದ ನೆಂಟರು ನಿನ್ನೆ ಮಧ್ಯಾಹ್ನವೇ ತಂತಮ್ಮ ಬಸ್ಸು ಹಿಡಿದಿದ್ದರು. ಇವತ್ತು ಯಾರ ಬುತ್ತಿಯೂ ಬಾಗಿಲಿಗೆ ಬರಲಿಲ್ಲ. ಸಿದ್ದೀಕಾ ಗ್ಯಾಸ್ ಹಚ್ಚಿ ಚಹಾಕ್ಕೆ ಇಟ್ಟಳು. ಸೊಸೆ ನುಜತ್ ಈರುಳ್ಳಿ ಬುಟ್ಟಿಯ ಮುಂದೆ ಕೂತಳು.

ಹುಸೇನ್ ಸಾಬರು ಚಪ್ಪಲಿ ಮೆಟ್ಟಿದರು.

"ಎಲ್ಲಿಗ್ರಿ?" ಸಿದ್ದೀಕಾ ಕೇಳಿದಳು.

"ಭಟ್ಟಿಗೆ."

"ಇವತ್ತೇನಾ?"

"ನೆನೆಸಿಟ್ಟ ಭತ್ತ ಹುಳಿ ಹಿಡೀತೈತೆ. ಮಗ ಸತ್ತಿದ್ದು ಅದಕ್ಕೆ ಗೊತ್ತಾಗಂಗಿಲ್ಲ."

ಅವರದು ದಾವಣಗೆರೆಯಲ್ಲಿ ಮೂರು ತಲೆಯಿಂದ ನಡೆದುಬಂದ ಮಂಡಕ್ಕಿ ಭಟ್ಟಿ. ಕಿರಿಯ ಮಗ ಅಮ್ಜದ್ ಆಗಲೇ ಅಲ್ಲಿಗೆ ಹೋಗಿದ್ದ. ಹಿರಿಯವನು ಇಜಾಜ್ ಮಾತ್ರ ಮಂಡಕ್ಕಿ ಹುರಿಯುವ ಆ ಕಾದ ಉಸುಕಿನ ಹತ್ತಿರ ಸುಳಿದವನಲ್ಲ. ಜ್ವರ ಬಂದ ಆರನೆಯ ದಿನಕ್ಕೆ ಹೋಗಿಬಿಟ್ಟ. ಡೆಂಗಿ ಎಂದರು. ಮೂವತ್ತೇಳು ವರ್ಷ.

ಆರು ವರ್ಷದ ಗುಲ್ನಾಜ್ ಯೂನಿಫಾರ್ಮ್ ತೊಟ್ಟು ಅಡುಗೆಮನೆಗೆ ಬಂದಳು.

"ಅಮ್ಮಿ, ಇವತ್ತು ಶಾಲೆಗೆ ನೀನೇ ಬಿಡು."

"ನಾನು ಹೊರಗೆ ಬರಂಗಿಲ್ಲ ಬೇಟಾ. ಅಬ್ಬು ಹೋದ್ರಲ್ಲ, ಇದ್ದತ್ ಕೂತೀನಿ."

"ಎಷ್ಟು ದಿನ?"

"ನಾಕು ತಿಂಗಳು ಹತ್ತು ದಿನ."

ಗುಲ್ನಾಜ್ ಬೆರಳು ಮಡಚಿ ನೋಡಿ ಬಿಟ್ಟಳು. "ಅಷ್ಟೊಂದಾ? ಏನ್ ತಪ್ಪು ಮಾಡಿದಿ?"

ಸಿದ್ದೀಕಾ ಸೆರಗು ಬಾಯಿಗಿಟ್ಟು ಅತ್ತಳು. ನುಜತ್‌ಗೆ ಅಳು ಬರಲಿಲ್ಲ. ಆಸ್ಪತ್ರೆಯಿಂದ ಬಂದಾಗಿನಿಂದ ಅವಳಿಗೆ ಏನೂ ಬಂದಿರಲಿಲ್ಲ. ಮಗಳ ಜಡೆ ಹಾಕಿ, ಡಬ್ಬಿಗೆ ಮಂಡಕ್ಕಿ ಒಗ್ಗರಣೆ ತುಂಬಿ ಕಳಿಸಿದಳು.

ಇಜಾಜ್ ಮಕ್ಕಳ ಚಿತ್ರಪುಸ್ತಕ ಮಾಡುತ್ತಿದ್ದ. ಐದು ಪುಸ್ತಕಗಳು ಬಂದಿದ್ದವು. ಪ್ರತಿಯೊಂದರ ಮೇಲೂ 'ಕಥೆ, ಚಿತ್ರ: ಇಜಾಜ್' ಎಂದಿತ್ತು. ಐದೂ ಜುಬ್ಬಿ ಎಂಬ ಹುಡುಗಿಯ ಕಥೆಗಳು. ಅಣ್ಣನ ಉದ್ದನೆಯ ಜುಬ್ಬಾ ತೊಟ್ಟು, ತೋಳು ಮೊಣಕೈತನಕ ಮಡಚಿ, ಉಬ್ಬಿದ ಜೇಬನ್ನು ಕೈಯಲ್ಲಿ ಅದುಮಿಕೊಂಡು ಓಡುವ ಹುಡುಗಿ. ಜೇಬಿನಲ್ಲಿ ಒಂದು ಸಲ ಕಪ್ಪೆಮರಿ, ಒಂದು ಸಲ ಬಿಸಿ ಮಂಡಕ್ಕಿ, ಒಂದು ಸಲ ಕಂಡಕ್ಟರನ ಸೀಟಿ. ದಾವಣಗೆರೆಯ ಶಾಲೆಗಳಿಗೆ ಇಜಾಜ್ ಹೋದನೆಂದರೆ ಮಕ್ಕಳು ಅವನ ಹೆಸರನ್ನೇ ಮರೆತು "ಜುಬ್ಬಿ ಸರ್" ಎಂದು ಮುತ್ತುತ್ತಿದ್ದರು.

ಆ ಜುಬ್ಬಿ ನುಜತ್ ಎಂದು ಬೀದಿಗೆಲ್ಲ ಗೊತ್ತಿತ್ತು. ಇಜಾಜ್ ಹೆಣ್ಣು ನೋಡಲು ಮಲೆಬೆನ್ನೂರಿಗೆ ಬಂದಾಗ ಅವಳ ತಾಯಿ ಒಂದು ಫೋಟೋ ತೋರಿಸಿದ್ದಳು. ಅಪ್ಪನ ಜುಬ್ಬಾ ತೊಟ್ಟು ಅಂಗಳದಲ್ಲಿ ನಿಂತ ನಾಲ್ಕು ವರ್ಷದ ನುಜತ್. ಅದನ್ನು ನೋಡಿ ಇಜಾಜ್ ಎಷ್ಟು ನಕ್ಕನೆಂದರೆ ಕೈಯಲ್ಲಿದ್ದ ಶರಬತ್ತು ಚೆಲ್ಲಿತ್ತು. ಮರುವರ್ಷ ಮೊದಲ ಪುಸ್ತಕ ಬಂತು. 'ನನ್ನ ಜುಬ್ಬಿ ನುಜತ್‌ಗೆ' ಎಂದು ಮೊದಲ ಪುಟದಲ್ಲಿ ಅಚ್ಚಾಗಿತ್ತು. ಎಂ.ಎ. ಕನ್ನಡ ಓದಿ, ನಾಲ್ಕು ಸಾಲು ಬರೆದರೆ ಮೂರು ಹೊಡೆದುಹಾಕುವ ಅವಳಿಗೆ ಆ ಒಂದು ಸಾಲು ಸಾಕಾಗಿತ್ತು.

ಪುಸ್ತಕ ಮಾಡುವಾಗ ಅವನು ಹಾಳೆಗಳನ್ನು ಮಡಚಿ ಹೊಲಿದು ಅಂಗೈಯಗಲದ ಕಚ್ಚಾ ಪುಸ್ತಕ ಕಟ್ಟುತ್ತಿದ್ದ. ಅದನ್ನು ಅವಳ ಮುಂದೆ ಹಿಡಿದು ಓದುತ್ತಿದ್ದ. "ಚಿತ್ರ ಹೇಳಿದ್ದನ್ನ ಮಾತು ಮತ್ತೆ ಹೇಳಬಾರದು. ಕಿತ್ತು ಹಾಕು," ಎಂದು ಪೆನ್ನು ಕೊಡುತ್ತಿದ್ದ. ಅವಳು ಕಿತ್ತು ಹಾಕುತ್ತಿದ್ದಳು. ಬಿಟ್ಟುಹೋದ ಕಡೆ ತನ್ನ ಒಂದೆರಡು ಮಾತು ಹಾಕುತ್ತಿದ್ದಳು.

ಮೂರನೆಯ ವಾರ ಬೆಂಗಳೂರಿನ ಪ್ರಕಾಶಕರ ಕಡೆಯ ಮಂಜುನಾಥ ಫೋನ್ ಮಾಡಿದ. ಊಟದ ಹೊತ್ತು. ಅಮ್ಜದ್ ಸ್ಪೀಕರ್ ಹಾಕಿ, ಊಟಕ್ಕೆ ಹಾಸಿದ ದಸ್ತರಖಾನಿನ ನಡುವೆ ಫೋನ್ ಇಟ್ಟ.

"ಮೇಡಂ, ಐದೂ ಜುಬ್ಬಿ ಕಥೆ ಸೇರಿಸಿ ಒಂದು ದೊಡ್ಡ ಪುಸ್ತಕ ಮಾಡ್ತಿದ್ದೀವಿ. ಸಾರ್ ನೆನಪಿಗೆ. ಹಿಂದಿ, ತೆಲುಗಿಗೂ ಹೋಗುತ್ತೆ. ಅಚ್ಚಾಗದ ಚಿತ್ರ ಏನಾದರೂ ಇದ್ದರೆ ಹುಡುಕಿಡಿ. ಮತ್ತೆ ಒಂದು ಪತ್ರ ಕಳಿಸ್ತೀನಿ. ಕಥೆ, ಚಿತ್ರ ಎಲ್ಲ ಸಾರ್ ಸ್ವಂತದ್ದು ಅಂತ. ವಾರಸುದಾರರು ಸಹಿ ಹಾಕಬೇಕು, ಅಷ್ಟೇ."

"ಹಾಕ್ತಾರೆ ಹಾಕ್ತಾರೆ," ಅಂದ ಅಮ್ಜದ್. ಫೋನಿಟ್ಟ ಮೇಲೆ ಅವನ ಮುಖ ಅರಳಿತ್ತು. "ಅಬ್ಬಾ, ನಮ್ಮ ಶಾಲೆ ಹೆಡ್‌ಮಾಸ್ತರ್ರು ಲೈಬ್ರರಿಗೆ ಅಣ್ಣನ ಹೆಸರು ಇಡ್ತೀನಿ ಅಂದಾರೆ. ಪುಸ್ತಕ ಬಂದ ದಿನಾನೇ ಇಟ್ಕೊಳ್ಳಣ."

"ಭಟ್ಟಿಯವರ ಮಗನ ಹೆಸರು ಶಾಲೆ ಗೋಡೆ ಮ್ಯಾಲೆ," ಅಂದಳು ಸಿದ್ದೀಕಾ. ಸೊಸೆಯ ತಟ್ಟೆ ನೋಡಿದಳು. "ಇನ್ನೊಂದು ಬೋಟಿ ಹಾಕ್ಕೋ ದುಲ್ಹನ್. ಏನೂ ತಿಂದಿಲ್ಲ ನೀನು."

ಐದನೆಯ ವಾರ ನುಜತ್ ಮಾಳಿಗೆಯ ಕೋಣೆಗೆ ಹತ್ತಿದಳು. ಇಜಾಜ್ ಅಲ್ಲಿ ಕೂತು ಕೆಲಸ ಮಾಡುತ್ತಿದ್ದ. ಅಚ್ಚಾಗದ ಚಿತ್ರ ಹುಡುಕಲು ತಗಡಿನ ಟ್ರಂಕು ತೆಗೆದಳು. ಮೇಲೆ ಬಣ್ಣದ ಡಬ್ಬಿಗಳು, ಕಚ್ಚಾ ಪುಸ್ತಕಗಳು. ತಳದಲ್ಲಿ ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿದ ಗಂಟು.

ಬಿಚ್ಚಿದರೆ ಹಳೆಯ ಕ್ಯಾಲೆಂಡರ್ ಹಾಳೆಗಳು. ಅವುಗಳ ಬೆನ್ನ ಮೇಲೆ ಪೆನ್ಸಿಲ್ಲು, ಮೇಣದ ಬಳಪದಲ್ಲಿ ಬರೆದ ಚಿತ್ರಗಳು. ಜುಬ್ಬಾ ತೊಟ್ಟ ಹುಡುಗಿ. ಮಡಚಿದ ತೋಳು, ಉಬ್ಬಿದ ಜೇಬು. ಕಪ್ಪೆಮರಿ, ಮಂಡಕ್ಕಿ, ಸೀಟಿ. ಪ್ರತಿ ಚಿತ್ರದ ಕೆಳಗೆ ದುಂಡು ಅಕ್ಷರದಲ್ಲಿ ಮಕ್ಕಳಿಗೆ ಹೇಳುವಂಥ ಮಾತು. ಅಕ್ಷರ ಇಜಾಜನದಲ್ಲ. ಹಾಳೆ ತಿರುಗಿಸಿದಳು. ಕ್ಯಾಲೆಂಡರಿನ ಇಸವಿ ಅವಳ ಮದುವೆಗಿಂತ ಐದು ವರ್ಷ ಹಿಂದಿನದು.

ಕೊನೆಯ ಹಾಳೆಗೆ ಪಿನ್ನು ಚುಚ್ಚಿದ ಚೀಟಿ ಇತ್ತು. 'ಇಜಾಜ್, ಹದಿನೈದು ದಿನದೊಳಗೆ ವಾಪಸ್ ಕೊಡು. ಮಕ್ಕಳು ಕೇಳ್ತಾರೆ. – ಉಮಾಮಹೇಶ್ವರಿ, ಅಂಗನವಾಡಿ, ಹರಿಹರ.'

ನುಜತ್ ಐದು ಪುಸ್ತಕಗಳನ್ನು ತಂದು ಹಾಳೆಗಳ ಪಕ್ಕದಲ್ಲಿ ಹರಡಿದಳು. ಬಣ್ಣ ಇಜಾಜನದು. ಆಕಾಶದ ನೀಲಿ, ಭಟ್ಟಿಯ ಹೊಗೆ, ಎಲ್ಲ ಅವನ ಕೈಯದು. ಹುಡುಗಿ ಅವನವಳಲ್ಲ. ಒಂದು ಕಥೆಯೂ ಅವನದಲ್ಲ. ದುಂಡು ಅಕ್ಷರದ ಮಾತುಗಳನ್ನು ಓದುತ್ತ ಹೋದಂತೆ, ತಾನು ಯಾವ್ಯಾವುದನ್ನು ಕಿತ್ತು ಹಾಕಿದ್ದಳು ಎಂಬುದು ಅವಳಿಗೆ ಗೊತ್ತಾಯಿತು. ಬೇರೆ ಯಾರದೋ ಮಾತಿನ ಗುರುತನ್ನು ಅವನು ಅವಳ ಪೆನ್ನಿನಿಂದಲೇ ಅಳಿಸಿದ್ದ.

ಅವತ್ತು ಜೋಳದ ರೊಟ್ಟಿ, ಬದನೆಕಾಯಿ ಪಲ್ಯ. ಎಲ್ಲರೂ ಕೂತ ಮೇಲೆ ನುಜತ್ ಗಂಟನ್ನು ತಂದು ನಡುವೆ ಇಟ್ಟಳು.

"ಇದು ಯಾರದು ಅಂತ ಯಾರಿಗಾದರೂ ಗೊತ್ತೈತಾ?"

ಹುಸೇನ್ ಸಾಬರಿಗೆ ಗೊತ್ತಿರಲಿಲ್ಲ. ಹಾಳೆಗಳನ್ನು ತಿರುವಿದರು, ಚೀಟಿ ಓದಿಸಿಕೊಂಡರು. ಅಮ್ಜದ್ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ಸಿದ್ದೀಕಾ ಮಾತ್ರ ಗಂಟಿನ ಕಡೆ ನೋಡಲೇ ಇಲ್ಲ. ಗುಲ್ನಾಜ್‌ಳ ತಟ್ಟೆಗೆ ಪಲ್ಯ ಬಡಿಸಿದಳು. ಅದರ ಮೇಲೆ ಮತ್ತೆ ಬಡಿಸಿದಳು.

"ಅಮ್ಮಾ, ನಿಮಗೆ ಗೊತ್ತೈತೆ," ಅಂದಳು ನುಜತ್.

"ನಂಗೇನು ಗೊತ್ತು? ಓದಿದಾಕೆ ನೀನು."

"ನೋಡ್ರಿ ಇಲ್ಲಿ."

"ಒಂದ್ಸಲ ಬಂದಿದ್ಲು," ಅಂದಳು ಸಿದ್ದೀಕಾ ಒಮ್ಮೆಲೇ. "ನೀನು ಬಾಣಂತನಕ್ಕೆ ಮಲೆಬೆನ್ನೂರಿಗೆ ಹೋದಾಗ. ನನ್ನ ಹಾಳೆ ಕೊಡ್ರಿ ಅಂದ್ಲು. ಇಜಾಜ್ ಮ್ಯಾಲೆ ಕೋಣೆಯಾಗೆ ಇದ್ದ. ಕೆಳಗೆ ಇಳೀಲಿಲ್ಲ. ಮಳೆಗಾಲದಾಗೆ ನೀರು ಬಿದ್ದು ಎಲ್ಲ ಹಾಳಾದ್ವು ಅಂತ ಹೇಳು ಅಂದ. ಹೇಳಿದೆ. ಬರಿಗೈಲಿ ಕಳಿಸಬಾರದು ಅಂತ ಎರಡು ಸೇರು ಮಂಡಕ್ಕಿ ಕಟ್ಟಿಕೊಟ್ಟೆ."

"ತಗೊಂಡ್ರಾ?"

"ಇಲ್ಲ. ಕಟ್ಟೆ ಮ್ಯಾಲೆ ಇಟ್ಟು ಹೋದ್ಲು."

ನುಜತ್ ಹೇಳಿದಳು, "ನಾನು ವಾಪಸ್ ಬಂದ ಮ್ಯಾಲೆ ಆರು ವರ್ಷ ಆತು. ನಂಗೆ ಒಬ್ರೂ ಹೇಳಲಿಲ್ಲ."

"ಹೇಳಿ ಏನ್ ಮಾಡಬೇಕಿತ್ತು?" ಸಿದ್ದೀಕಾಳ ದನಿ ಏರಿತು. "ಹಗಲೆಲ್ಲ ಜುಬ್ಬಿ ಜುಬ್ಬಿ ಅಂತ ಹಿಗ್ಗಿಕೊಂಡು ತಿರುಗ್ತಿದ್ದಿ. ನಿನ್ನ ಮುಖ ನೋಡಿ ಹೇಳಾಕೆ ಯಾರಿಗೆ ಬಾಯಿ ಬರ್ತೈತೆ?"

"ಭಾಭಿ," ಅಂದ ಅಮ್ಜದ್, "ಆಯಮ್ಮ ಬರೆದಿದ್ದು ಹರಕು ಹಾಳೆ. ಅದನ್ನ ಪುಸ್ತಕ ಮಾಡಿದ್ದು ಅಣ್ಣ. ಭತ್ತ ಯಾರದಾದ್ರೇನು, ಹುರಿದೋರದೇ ಮಂಡಕ್ಕಿ. ಸುಮ್ಮನೆ ಸಹಿ ಹಾಕಿಬಿಡ್ರಿ."

"ಭತ್ತ ನಾವು ಕೊಂಡು ತರ್ತೀವಿ ಅಮ್ಜದ್," ಅಂದರು ಹುಸೇನ್ ಸಾಬರು, ತಲೆ ಎತ್ತದೆ. ಕೈ ತೊಳೆದು ನಮಾಜಿಗೆ ಹೋದರು. ಅವರ ತಟ್ಟೆಯಲ್ಲಿ ಒಂದೂವರೆ ರೊಟ್ಟಿ ಹಾಗೇ ಉಳಿಯಿತು.

ಮಾರನೆಯ ದಿನ ಹತ್ತು ಗಂಟೆಗೆ ನುಜತ್ ಬಟ್ಟೆ ಒಣಹಾಕಿ ಕೋಣೆಗೆ ಬಂದಾಗ ಗಂಟು ಇರಲಿಲ್ಲ.

"ಅಮ್ಮಾ, ಗಂಟು ಎಲ್ಲಿ?"

ಸಿದ್ದೀಕಾ ಅಕ್ಕಿ ಆರಿಸುತ್ತಿದ್ದಳು. "ಅಮ್ಜದ್ ತಗೊಂಡು ಹೋದ."

"ಎಲ್ಲಿಗೆ?"

"ಭಟ್ಟಿಗೆ. ಇದ್ರೆ ತಾನೇ ರಗಳೆ."

ನುಜತ್ ಬಾಗಿಲ ತನಕ ಓಡಿದಳು. ಭಟ್ಟಿ ಎರಡು ಓಣಿ ಆಚೆ. ಎದುರು ಮನೆಯ ನಿಖತ್ ಕಟ್ಟೆಯ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿ ಇವಳ ಕಾಲನ್ನೇ ನೋಡಿದಳು. ಇದ್ದತ್ತಿನ ಹೆಂಗಸು ಹೊಸಿಲು ದಾಟಿದರೆ ಸಂಜೆಗೆ ಊರೆಲ್ಲ ಸುದ್ದಿ. ನುಜತ್ ಒಳಗೆ ಬಂದು ಮಾವನಿಗೆ ಫೋನ್ ಹಚ್ಚಿದಳು. ಭಟ್ಟಿಯ ಸದ್ದಿನಲ್ಲಿ ಅವರಿಗೆ ಮೊದಲು ಏನೂ ಕೇಳಿಸಲಿಲ್ಲ.

"ಅಬ್ಬಾ, ಅಮ್ಜದ್ ಆ ಗಂಟು ತಂದಾನೆ. ಉರಿಗೆ ಹಾಕಾಕೆ ಬಿಡಬ್ಯಾಡ್ರಿ."

"ಹಾಂ?"

"ಜನಾಜಾ ದಿನ, ಮಣ್ಣಿಗಿಡೋ ಮುಂಚೆ, ನೀವು ನಾಕು ಮಂದಿ ಮುಂದೆ ನಿಂತು ಕೇಳಿದ್ರಂತೆ. ನನ್ನ ಮಗ ಯಾರದಾದ್ರೂ ಏನಾದ್ರೂ ಇಟ್ಕೊಂಡಿದ್ರೆ ನನ್ನ ಕೇಳ್ರಿ, ನಾನು ಕೊಡ್ತೀನಿ ಅಂತ. ಯಾರೂ ಮುಂದೆ ಬರ್ಲಿಲ್ಲ. ಇದು ಐತೆ ಅಬ್ಬಾ. ಅಮಾನತ್ತು, ನಂಬಿ ಕೊಟ್ಟಿದ್ದು. ನಮ್ಮದಲ್ಲ."

ಆ ಕಡೆ ಭಟ್ಟಿ ಗುಡುಗುತ್ತಲೇ ಇತ್ತು. ಫೋನು ಕಟ್ಟಾಯಿತು.

ಮಧ್ಯಾಹ್ನ ಊಟಕ್ಕೆ ಬಂದಾಗ ಅವರ ಕಂಕುಳಲ್ಲಿ ಗಂಟಿತ್ತು. ಹಿಂದೆ ಅಮ್ಜದ್ ಮುಖ ಊದಿಸಿಕೊಂಡು ಬಂದ. ಹುಸೇನ್ ಸಾಬರು ಗಂಟನ್ನು ನುಜತ್‌ಳ ಕೋಣೆಯ ಬಾಗಿಲಲ್ಲಿ ಇಟ್ಟರು.

"ಕಾಗದ ಉರಿಸಿದ್ರೆ ಮಂಡಕ್ಕಿಗೆ ಮಸಿ ವಾಸನೆ ಹಿಡೀತೈತೆ," ಅಂದರು ಹೆಂಡತಿಗೆ. "ಅಷ್ಟೂ ಗೊತ್ತಿಲ್ಲ ನಿನ್ನ ಮಗನಿಗೆ. ಅನ್ನ ಹಾಕು."

ಮಂಜುನಾಥ ಕಳಿಸಿದ ಪತ್ರ ಎರಡು ವಾರ ಫ್ರಿಜ್ಜಿನ ಮೇಲೆ ಬಿದ್ದಿತ್ತು. ದಿನಾ ಬೆಳಿಗ್ಗೆ ಅಮ್ಜದ್ ಅದರ ಮೇಲೆ ಪೆನ್ನು ಇಟ್ಟು ಹೋಗುತ್ತಿದ್ದ. ನುಜತ್ ಆ ಪೆನ್ನು ತೆಗೆದು ಗುಲ್ನಾಜ್‌ಳ ಹೋಂವರ್ಕಿಗೆ ಕೊಡುತ್ತಿದ್ದಳು. ನಲವತ್ತನೆಯ ದಿನದ ಫಾತಿಹಾಕ್ಕೆ ಬಂದ ಹೆಡ್‌ಮಾಸ್ತರರು ಹುಗ್ಗಿ ತಿನ್ನುತ್ತ, "ಲೈಬ್ರರಿಗೆ ಬೋರ್ಡು ಬರೆಸಾಕೆ ಕೊಟ್ಟೀನಿ," ಅಂದರು. ಮಾರನೆಯ ದಿನ ನುಜತ್ ಒಂದು ಹಾಳೆ ತೆಗೆದುಕೊಂಡು ಮೂರು ಸಾಲು ಬರೆದಳು.

'ಜುಬ್ಬಿಯ ಕಥೆಗಳನ್ನೂ ಮೂಲ ಚಿತ್ರಗಳನ್ನೂ ಮಾಡಿದವರು ಹರಿಹರದ ಅಂಗನವಾಡಿ ಶಿಕ್ಷಕಿ ಉಮಾಮಹೇಶ್ವರಿ. ನನ್ನ ಗಂಡ ಅವುಗಳಿಗೆ ಬಣ್ಣ ಹಾಕಿದರು, ಮಾತು ತಿದ್ದಿದವಳು ನಾನು. ನಿಮ್ಮ ಪತ್ರಕ್ಕೆ ಸಹಿ ಹಾಕಲಾರೆ.'

ಒಂದು ಸಾಲನ್ನೂ ಹೊಡೆದುಹಾಕಲಿಲ್ಲ. ಫೋಟೋ ತೆಗೆದು ಕಳಿಸಿದಳು. ಐದು ನಿಮಿಷದಲ್ಲಿ ಮಂಜುನಾಥನ ಫೋನು ಬಂತು.

"ಮೇಡಂ, ಏನಿದು? ಇದು ಹೊರಗೆ ಬಂದರೆ ಸಾರ್ ಹೆಸರು ಏನಾಗುತ್ತೆ ಗೊತ್ತಾ?"

"ಗೊತ್ತು."

"ದೊಡ್ಡ ಪುಸ್ತಕ ನಿಲ್ಲುತ್ತೆ. ಇದ್ದ ಪುಸ್ತಕಾನೂ ಅಂಗಡಿಯಿಂದ ವಾಪಸ್ ತರಿಸಬೇಕು."

"ತರಿಸ್ರಿ."

ಅವತ್ತಿನಿಂದ ಅಮ್ಜದ್ ಅತ್ತಿಗೆಯ ಜೊತೆ ಮಾತು ಬಿಟ್ಟ. ಉಪ್ಪು ಬೇಕಾದರೂ ಗುಲ್ನಾಜ್‌ಳ ಬಾಯಿಂದ ಕೇಳಿಸುತ್ತಿದ್ದ. ಲೈಬ್ರರಿಯ ಬೋರ್ಡಿನ ಸುದ್ದಿಯನ್ನು ಹೆಡ್‌ಮಾಸ್ತರರೂ ಮತ್ತೆ ಎತ್ತಲಿಲ್ಲ. ಸಿದ್ದೀಕಾ ಸೊಸೆಗೆ ಊಟ ಬಡಿಸುವುದನ್ನು ನಿಲ್ಲಿಸಲಿಲ್ಲ, ಮುಖ ನೋಡುವುದನ್ನು ನಿಲ್ಲಿಸಿದಳು. ಒಂದು ದಿನ ಪಾತ್ರೆ ತೊಳೆಯುತ್ತ ಹೇಳಿದಳು.

"ಕಾಗದ ಬರೆದಿ, ಆತು. ಸತ್ತ ಮಗನನ್ನ ಇನ್ನೊಂದ್ಸಲ ಮಣ್ಣಿಗಿಟ್ಟಿ. ಇನ್ನ ಆ ಗಂಟು ತಗೊಂಡು ಹೋಗಿ ಆಕೆ ಕಾಲಿಗೆ ಬೀಳೋದು ಒಂದು ಬಾಕಿ. ಅದು ಈ ಹೊಸಿಲು ದಾಟಿದ್ರೆ, ದುಲ್ಹನ್, ನೀನೂ ಅದರ ಜೊತೆ ದಾಟು."

"ನಂಗೂ ಮೋಸ ಮಾಡ್ಯಾರೆ ಅಮ್ಮಾ."

"ಗಂಡ ಹೆಂಡ್ತೀನ ಮೆಚ್ಚಿಸಾಕೆ ಒಂದು ಸುಳ್ಳು ಹೇಳಿದ್ರೆ ಅದು ಮೋಸಾನಾ?"

ನುಜತ್ ತೊಳೆದ ತಟ್ಟೆಗಳನ್ನು ಒರೆಸಿ ಜೋಡಿಸಿದಳು.

ಇದ್ದತ್ ಮುಗಿದ ದಿನ ಮಲೆಬೆನ್ನೂರಿನಿಂದ ಅವಳ ಅಣ್ಣ ಅಲ್ಲಾಬಕ್ಷ್ ಬಂದ. ಹೊಸ ಬಟ್ಟೆ, ಬಳೆ ತಂದಿದ್ದ. ಮೊದಲ ಹೆಜ್ಜೆ ತವರಿಗೆ ಇಡಬೇಕು. ನುಜತ್ ಹೊಸ ಬಟ್ಟೆ ಉಟ್ಟಳು, ಬಳೆಯನ್ನು ಡಬ್ಬಿಯಲ್ಲೇ ಬಿಟ್ಟಳು. ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಗಂಟು ಹಿಡಿದು ಪಡಸಾಲೆಗೆ ಬಂದಳು.

ಸಿದ್ದೀಕಾ ಅಡುಗೆಮನೆಯಿಂದ ಹೊರಗೆ ಬರಲಿಲ್ಲ.

"ಅಬ್ಬಾ, ನಾನು ಹರಿಹರದಾಗೆ ಇಳೀತೀನಿ," ಅಂದಳು ನುಜತ್.

"ಗೊತ್ತು. ಮೋಡ ಐತೆ," ಅಂದರು ಹುಸೇನ್ ಸಾಬರು. ಮಂಡಕ್ಕಿ ತುಂಬುವ ದೊಡ್ಡ ಪ್ಲಾಸ್ಟಿಕ್ ಚೀಲವೊಂದನ್ನು ತಂದು ಗಂಟನ್ನು ಅದರೊಳಗೆ ಇಳಿಸಿ, ಬಾಯಿಗೆ ಸುತಳಿ ಬಿಗಿದರು. "ನೆನೀದಂಗೆ ಮುಟ್ಟಿಸು."

ಒಳಗಿನಿಂದ ಸಿದ್ದೀಕಾಳ ದನಿ ಬಂತು. "ಮಗಿಗೆ ಸ್ವೆಟರ್ ಹಾಕು ಅಂತ ಹೇಳ್ರಿ ಆಕೆಗೆ. ಬಸ್ಸಿನಾಗೆ ಗಾಳಿ ಬಡೀತೈತೆ."

ಹರಿಹರದ ಅಂಗನವಾಡಿ ಹೊಳೆಯ ಕಡೆಯ ಓಣಿಯಲ್ಲಿತ್ತು. ಅಲ್ಲಾಬಕ್ಷ್ ಹೊರಗೆ ಚಹಾದಂಗಡಿಯಲ್ಲಿ ನಿಂತ. ಒಳಗೆ ಹದಿನೈದು ಇಪ್ಪತ್ತು ಮಕ್ಕಳು ಸಾಲಾಗಿ ಕೂತು ಮೊಟ್ಟೆ ತಿನ್ನುತ್ತಿದ್ದವು. ಉಮಾಮಹೇಶ್ವರಿಗೆ ಐವತ್ತೈದರ ಮೇಲಾಗಿತ್ತು. ನೆಲದ ಮೇಲೆ ಕೂತು ಮೊಟ್ಟೆ ಸುಲಿಯುತ್ತಿದ್ದಳು.

"ಟೀಚರ್, ನಾನು ಇಜಾಜ್ ಅವರ ಹೆಂಡತಿ."

ಟೀಚರ್ ಕೈಯಲ್ಲಿದ್ದ ಮೊಟ್ಟೆಯನ್ನು ಪೂರ್ತಿ ಸುಲಿದು ಒಂದು ಮಗುವಿನ ತಟ್ಟೆಗೆ ಹಾಕಿದಳು. "ಕೂಡ್ರಿ. ಹೋದ ಅಂತ ಪೇಪರಿನಾಗೆ ನೋಡಿದೆ. ಬೆಂಗಳೂರಿನೋರು ಫೋನ್ ಮಾಡಿದ್ರು. ನೀವು ಬರೆದಿದ್ದು ಓದಿ ಹೇಳಿದ್ರು."

ನುಜತ್ ಚೀಲ ಬಿಚ್ಚಿ ಗಂಟನ್ನು ಮುಂದಿಟ್ಟಳು. ಟೀಚರ್ ಸೀರೆಯ ತುಂಡನ್ನು ಮುಟ್ಟಿ ನೋಡಿದಳು. ಅದು ಅವಳದೇ ಸೀರೆ.

"ನೀರು ಬಿದ್ದು ಹಾಳಾದ್ವು ಅಂದಿದ್ರಲ್ಲ ನಿಮ್ಮತ್ತೆ."

"ಸುಳ್ಳು."

"ನಂಗೂ ಗೊತ್ತಿತ್ತು. ಪುಸ್ತಕ ಬಂದಿತ್ತಲ್ಲ." ಅವಳು ಹಾಳೆಗಳನ್ನು ಒಂದೊಂದಾಗಿ ನೆಲದ ಮೇಲೆ ಹಾಕುತ್ತ ಹೋದಳು. "ಈ ಗೋಡೆಗೆ ಬಣ್ಣ ಹೊಡೆಯಾಕೆ ಬಂದಿದ್ದ ಹುಡುಗ. ನಾನು ಕಥೆ ಹೇಳೋದನ್ನ ಕೂತು ಕೇಳ್ತಿದ್ದ. ಟೀಚರ್, ಒಂದು ಹಾಳೆ ಕೊಡ್ರಿ, ನೋಡಿ ಕೊಡ್ತೀನಿ ಅಂದ. ಕೊಟ್ಟೆ. ತಂದು ಕೊಟ್ಟ. ಆಮ್ಯಾಲೆ ಗಂಟು ಕೇಳಿದ." ಇನ್ನೊಂದು ಹಾಳೆ ಹಾಕಿದಳು. "ಪುಸ್ತಕ ಬಂದ ಮ್ಯಾಲೆ ಒಂದಿನ ಇಲ್ಲಿ ಜುಬ್ಬಿ ಕಥೆ ಹೇಳ್ತಿದ್ದೆ. ಒಂದು ಮಗು ಎದ್ದು ನಿಂತು, ಟೀಚರ್ ಪುಸ್ತಕ ನೋಡಿ ಹೇಳ್ತಾರೆ, ಕಾಪಿ ಅಂತು. ಮಕ್ಕಳೆಲ್ಲ ನಕ್ಕವು. ಅವತ್ತೇ ಬಿಟ್ಟೆ. ಆಮ್ಯಾಲೆ ಚಿತ್ರಾನೂ ಬರೀಲಿಲ್ಲ. ಈಗ ಇದನ್ನ ತಂದೀರಿ. ಏನ್ ಮಾಡ್ಲಿ ನಾನು?"

ನುಜತ್ ಹಾಳೆಯ ಮೇಲಿನ ಹುಡುಗಿಯನ್ನು ನೋಡಿದಳು. "ಜುಬ್ಬಿ ಯಾರ್ರೀ ಟೀಚರ್?" ಎಂದು ಕೇಳಿದಳು.

"ಪೂಜಾ ಅಂತ ಇತ್ತು ಒಂದು ಹುಡುಗಿ. ಮನ್ಯಾಗೆ ಇದ್ದುದೇ ಅಣ್ಣನದೊಂದು ಜುಬ್ಬಾ. ಇಟ್ಟಿಗೆ ಭಟ್ಟಿ ಕೆಲಸಕ್ಕೆ ಬಂದೋರ ಮಗಳು. ಮಳೆ ಹಿಡೀತಿದ್ದಂಗೆ ಅವರು ಹೊರಟುಹೋದ್ರು. ಎಲ್ಲಿಗೋ."

ಗುಲ್ನಾಜ್ ಅಷ್ಟು ಹೊತ್ತೂ ಅಮ್ಮನ ಬೆನ್ನ ಹಿಂದೆ ನಿಂತವಳು ಈಗ ಬಗ್ಗಿ ಒಂದು ಹಾಳೆ ಎತ್ತಿಕೊಂಡಳು. ಎರಡೂ ಕೈಯಲ್ಲಿ ಹಿಡಿದು ಮಕ್ಕಳ ಕಡೆ ತೋರಿಸಿದಳು. "ಇದು ನಮ್ಮಮ್ಮಿ. ಸಣ್ಣೋಳಿದ್ದಾಗ."

ಮಕ್ಕಳು ನುಜತ್‌ಳನ್ನು ನೋಡಿದವು. ಉಮಾಮಹೇಶ್ವರಿಯೂ ನೋಡಿದಳು.

"ನಾನಲ್ಲ ಬೇಟಾ," ಅಂದಳು ನುಜತ್.

"ನೀನೇ. ಅಬ್ಬು ಹೇಳ್ಯಾರೆ."

"ಹೇಳಿದ್ರು. ಸುಳ್ಳು ಹೇಳಿದ್ರು."

ಗುಲ್ನಾಜ್ ಹಾಳೆಯನ್ನು ಎದೆಗೆ ಅವಚಿಕೊಂಡಳು. ಕಣ್ಣು ತುಂಬಿ ಬಂತು. "ಕೊಡಂಗಿಲ್ಲ ನಾನು."

ಉಮಾಮಹೇಶ್ವರಿಯ ಗಟ್ಟಿ ಮುಖ ಮೊದಲ ಸಲ ಸಡಿಲವಾಯಿತು. "ಇರಲಿ ಬಿಡ್ರಿ, ಸಣ್ಣದು. ಒಂದು ಹಾಳೆ ಇಟ್ಕೊಳ್ಳಲಿ."

"ಬ್ಯಾಡ್ರಿ ಟೀಚರ್," ಅಂದಳು ನುಜತ್. "ಅವರೂ ಒಂದು ಹಾಳೆ ಅಂತಾನೇ ಶುರು ಮಾಡಿದ್ದು."

ಅವಳು ಮಗಳ ಮುಂದೆ ಮೊಣಕಾಲೂರಿ ಕೂತಳು. ಹಾಳೆ ಹರಿಯದ ಹಾಗೆ ಆ ಪುಟ್ಟ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಸುಕ್ಕನ್ನು ತನ್ನ ಹೊಸ ಸೆರಗಿನ ಮೇಲಿಟ್ಟು ನೇವರಿಸಿ, ಹಾಳೆಯನ್ನು ಟೀಚರ್ ಕೈಗೆ ಕೊಟ್ಟಳು.